ಬಾವುಟ ಬದಲಾಯಿತು, ಪ್ರೊಜೆಕ್ಟರ್ ಯಾರ ಕೈಲಿತ್ತು? ಪಶ್ಚಿಮ ಆಫ್ರಿಕಾದ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾದ ಒಂದು ಸಿನಿಮಾ ತೋರಿಸಿ ದೀಪ ಹಾಕಿದರೆ ಸಾಕು, ಟೀ ಕಪ್ ಹಿಡಿದುಕೊಂಡು ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಪ್ರತಿ ಸಲ ಅರ್ಧರ್ಧ ಉತ್ತರ ಕೊಟ್ಟು ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಆಫ್ರಿಕಾದ ಸಿನಿಮಾ ಅಂತ ಒಂದೇ ಮಾತಲ್ಲಿ ಹೇಳೋದು ಸರಿನಾ?

ಸರಿಯಲ್ಲ. ಅಲ್ಲಿರುವುದು 54 ದೇಶ. ಜಪಾನ್, ಇರಾನ್, ಕರ್ನಾಟಕ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ 'ಏಷ್ಯಾದ ಸಿನಿಮಾ' ಅಂದರೆ ನಾವು ಒಪ್ಪುತ್ತೇವಾ? ಇಲ್ಲಿ ನಾನು ಹೇಳುವುದು ಮುಖ್ಯವಾಗಿ ಸೆನೆಗಲ್ ಮತ್ತು ಬುರ್ಕಿನಾ ಫಾಸೊ ಬಗ್ಗೆ. ಎರಡೂ ಫ್ರೆಂಚರ ಕೈಕೆಳಗಿದ್ದವು, ಎರಡಕ್ಕೂ 1960ರಲ್ಲಿ ಸ್ವಾತಂತ್ರ್ಯ ಬಂತು. ಆ ಒಂದೇ ವರ್ಷ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಅದರಲ್ಲಿ 14 ಫ್ರೆಂಚರು ಬಿಟ್ಟು ಹೋದವು. 'ಬಿಟ್ಟು ಹೋದವು' ಅನ್ನುವುದು ಎಷ್ಟು ನಿಜ ಅನ್ನೋದೇ ಮುಂದಿನ ಉತ್ತರಗಳ ವಿಷಯ.

ಫ್ರೆಂಚರ ಕಾಲದಲ್ಲಿ ಅಲ್ಲಿಯವರು ಸಿನಿಮಾ ಮಾಡುತ್ತಿರಲಿಲ್ವಾ?

ಮಾಡಲು ಬಿಡುತ್ತಿರಲಿಲ್ಲ. 1934ರಲ್ಲಿ ಪಿಯೆರ್ ಲವಾಲ್ ಎಂಬ ವಸಾಹತು ಮಂತ್ರಿ ಒಂದು ಆದೇಶ ಹೊರಡಿಸಿದ. ಫ್ರೆಂಚ್ ಆಫ್ರಿಕಾದಲ್ಲಿ ಯಾರೇ ಕ್ಯಾಮೆರಾ ಎತ್ತಬೇಕಾದರೂ ಸರ್ಕಾರದ ಅನುಮತಿ ಬೇಕು, ಕಥೆಯನ್ನೂ ಮಾಡುವವರನ್ನೂ ಮೊದಲೇ ಪರಿಶೀಲಿಸಬೇಕು ಅಂತ. ನಮ್ಮ ಮೊದಲ ಟಾಕಿ 'ಸತಿ ಸುಲೋಚನಾ' ಬೆಂಗಳೂರಿನಲ್ಲಿ ತೆರೆ ಕಂಡ ವರ್ಷವೇ ಅದು. ಇಲ್ಲಿ ಬ್ರಿಟಿಷರ ಕತ್ತರಿ ಇತ್ತು ನಿಜ, ಆದರೆ ನಮ್ಮವರ ಕೈಯಲ್ಲಿ ಕ್ಯಾಮೆರಾ ಇತ್ತು. ಅಲ್ಲಿ ಅದೂ ಇರಲಿಲ್ಲ.

ಆ ಆದೇಶ ಬರೀ ಕಪ್ಪು ಜನರಿಗೆ ಅಡ್ಡ ಬಂತು ಅಂದುಕೊಳ್ಳಬೇಡಿ. ರೆನೆ ವೋತಿಯೆ ಅನ್ನುವ ಫ್ರೆಂಚ್ ಹುಡುಗನಿಗೆ 1949ರಲ್ಲಿ 21 ವರ್ಷ. ಆಫ್ರಿಕಾದ ಹಳ್ಳಿ ಜೀವನದ ಮೇಲೆ ಶಾಲಾ ಮಕ್ಕಳಿಗೊಂದು ಚಿತ್ರ ಮಾಡು ಅಂತ ಕಳಿಸಿದರೆ, ಅಲ್ಲಿ ಸುಟ್ಟ ಹಳ್ಳಿ ಕಂಡು ಅದನ್ನೇ ಚಿತ್ರೀಕರಿಸಿಕೊಂಡು ಬಂದ. ಜೈಲಿಗೆ ಹೋದ. ಅವನ ಚಿತ್ರದ ಮೇಲಿನ ನಿಷೇಧ 40 ವರ್ಷಕ್ಕೂ ಜಾಸ್ತಿ ಉಳಿಯಿತು.

ಪಾಲೆನ್ ಸುಮಾನು ವಿಯೆರಾ ಅವರದು ಇನ್ನೊಂದು ಥರ. ಬೆನಿನ್‌ನಲ್ಲಿ ಹುಟ್ಟಿ ಪ್ಯಾರಿಸ್‌ನ ಸಿನಿಮಾ ಶಾಲೆಯಲ್ಲಿ ಕಲಿತವರು. ತಮ್ಮ ನೆಲದಲ್ಲಿ ಚಿತ್ರೀಕರಣಕ್ಕೆ ಅನುಮತಿ ಸಿಗದೆ, 1955ರಲ್ಲಿ ಗೆಳೆಯರ ಜೊತೆ ಸೇರಿ ಪ್ಯಾರಿಸ್‌ನಲ್ಲಿರುವ ಆಫ್ರಿಕನ್ನರ ಬದುಕನ್ನೇ ತೆಗೆದರು. ಆಫ್ರಿಕನ್ ಸಿನಿಮಾದ ಹುಟ್ಟು ಆಫ್ರಿಕಾದ ಹೊರಗೆ ಆಯಿತು ಅನ್ನುವುದು ಹೀಗೆ.

ಬ್ರಿಟಿಷರು ಇನ್ನೊಂದು ದಾರಿ ಹಿಡಿದರು. 1939ರಲ್ಲಿ ಕಲೋನಿಯಲ್ ಫಿಲ್ಮ್ ಯೂನಿಟ್ ಅಂತ ಶುರು ಮಾಡಿ, ಆರೋಗ್ಯ, ಬೇಸಾಯ, ಯುದ್ಧಪ್ರಚಾರದ ಚಿತ್ರ ತಾವೇ ತಯಾರಿಸಿ ಹಳ್ಳಿಗಳಲ್ಲಿ ತೋರಿಸಿದರು. ಆಫ್ರಿಕನ್ನರಿಗೆ ವೇಗದ ಕಟ್ ಅರ್ಥವಾಗಲ್ಲ, ಎಲ್ಲವನ್ನೂ ನಿಧಾನ ತೋರಿಸಬೇಕು ಅನ್ನುವುದು ಅವರ ಸಿದ್ಧಾಂತ. ಚಾಪ್ಲಿನ್ ನೋಡಿ ಬಿದ್ದು ಬಿದ್ದು ನಗುತ್ತಿದ್ದ ಜನರ ಬಗ್ಗೆ ಈ ಮಾತು!

ಎಲ್ಲರೂ ಸೆಂಬೆನ್, ಸೆಂಬೆನ್ ಅಂತಾರಲ್ಲ, ಅವರು ಯಾರು?

ಉಸ್ಮಾನ್ ಸೆಂಬೆನ್. 1923ರಲ್ಲಿ ಸೆನೆಗಲ್‌ನ ದಕ್ಷಿಣದ ಕಾಸಮಾಂಸ್ ಸೀಮೆಯ ಝಿಗಿಂಶೋರ್‌ನಲ್ಲಿ ಹುಟ್ಟಿದರು, 2007ರಲ್ಲಿ ರಾಜಧಾನಿ ಡಕಾರ್‌ನಲ್ಲಿ ತೀರಿಕೊಂಡರು. ಹೆಡ್‌ಮಾಸ್ಟರ್ ಮೇಲೆ ಕೈ ಎತ್ತಿ ಶಾಲೆ ಬಿಟ್ಟರು ಅನ್ನುತ್ತಾರೆ. ಮೀನು ಹಿಡಿದರು, ಗಾರೆ ಕೆಲಸ ಮಾಡಿದರು, ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಗೆ ಸೇರಿದರು. ಆಮೇಲೆ ಫ್ರಾನ್ಸ್‌ನ ಮಾರ್ಸೇಯ್ ಬಂದರಿನಲ್ಲಿ ಮೂಟೆ ಹೊತ್ತರು. ಬೆನ್ನುಮೂಳೆಗೆ ಪೆಟ್ಟು ಬಿದ್ದು ಮಲಗಿದಾಗ ಓದು ಹತ್ತಿತು. ಕಾರ್ಮಿಕ ಸಂಘದ ಗ್ರಂಥಾಲಯವೇ ಅವರ ಕಾಲೇಜು. ಕಾದಂಬರಿ ಬರೆದರು, ಫ್ರೆಂಚಿನಲ್ಲಿ, ಹೆಸರೂ ಬಂತು.

ಆದರೆ ಊರಿಗೆ ಬಂದು ನೋಡಿದರೆ ಆ ಪುಸ್ತಕ ಓದುವವರು ಯಾರೂ ಇಲ್ಲ. ಯಾರ ಬಗ್ಗೆ ಬರೆದರೋ ಅವರಿಗೆ ಫ್ರೆಂಚ್ ಬರಲ್ಲ, ಬಹಳ ಜನಕ್ಕೆ ಅಕ್ಷರವೇ ಬರಲ್ಲ. ಹತ್ತಿರ ಹತ್ತಿರ 40ರ ವಯಸ್ಸಿನಲ್ಲಿ ಮಾಸ್ಕೋಗೆ ಹೋಗಿ ಸಿನಿಮಾ ಕಲಿತು ಬಂದರು. ಸಿನಿಮಾವನ್ನು ಅವರು 'ರಾತ್ರಿ ಶಾಲೆ' ಎಂದು ಕರೆಯುತ್ತಿದ್ದರು. ಸುಮ್ನೆ ಕರೆದದ್ದಲ್ಲ. ರೀಲು ಡಬ್ಬ ಹೊತ್ತುಕೊಂಡು ಹಳ್ಳಿ ಹಳ್ಳಿಗೆ ಹೋಗಿ ಚಿತ್ರ ತೋರಿಸಿ, ಮುಗಿದ ಮೇಲೆ ಜನರ ಜೊತೆ ಕೂತು ಚರ್ಚೆ ಮಾಡುತ್ತಿದ್ದರು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದವರಿಗೆ ಜಗತ್ತಿನ ಸಿನಿಮಾ ತೋರಿಸಿದ್ದು ಗೊತ್ತಿದ್ದವರಿಗೆ ಇದು ಹೊಸದೆನ್ನಿಸುವುದಿಲ್ಲ. ಒಬ್ಬರಿಗೆ ಇನ್ನೊಬ್ಬರು ಗೊತ್ತಿರಲಿಕ್ಕಿಲ್ಲ, ಆದರೂ ಒಂದೇ ಕಾಲದಲ್ಲಿ ಒಂದೇ ಹುಚ್ಚು.

ಅವರ 'ಲಾ ನ್ವಾರ್ ದ...' ಯಾಕೆ ಅಷ್ಟು ದೊಡ್ಡದು? ಇರೋದೇ ಒಂದು ಗಂಟೆಯ ಸಿನಿಮಾ ಅಲ್ವಾ?

ಒಂದು ಗಂಟೆಯೇ. 1966ರದು, ಕಪ್ಪು ಬಿಳುಪು. ಜುವಾನಾ ಎಂಬ ಡಕಾರ್ ಹುಡುಗಿ ಒಂದು ಫ್ರೆಂಚ್ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತಾಳೆ. ಅವರು ಫ್ರಾನ್ಸ್‌ಗೆ ಕರೆಸಿಕೊಂಡಾಗ ಕುಣಿದಾಡುತ್ತಾಳೆ. ಅಲ್ಲಿ ಹೋದರೆ ಮಕ್ಕಳೂ ಇಲ್ಲ, ಪೇಟೆಯೂ ಇಲ್ಲ. ಅಡಿಗೆ, ಬಟ್ಟೆ, ನೆಲ ಒರೆಸೋದು. ಕಿಟಕಿಯಾಚೆ ಕಾಣುವ ಫ್ರಾನ್ಸ್ ಅಷ್ಟೇ ಅವಳ ಫ್ರಾನ್ಸ್. ಕೊನೆಗೆ ಬಚ್ಚಲ ತೊಟ್ಟಿಯಲ್ಲಿ ಪ್ರಾಣ ಕಳೆದುಕೊಳ್ಳುತ್ತಾಳೆ. ಫ್ರಾನ್ಸ್‌ನ ಪತ್ರಿಕೆಯಲ್ಲಿ ಬಂದ ಒಂದು ಸಣ್ಣ ಸುದ್ದಿ ಇದರ ಮೂಲ.

ನನ್ನನ್ನು ಕಾಡುವುದು ಅದರಲ್ಲಿರುವ ಮುಖವಾಡ. ಕೆಲಸ ಸಿಕ್ಕ ಖುಷಿಗೆ ಜುವಾನಾ ಯಜಮಾನರಿಗೆ ಒಂದು ಮರದ ಮುಖವಾಡ ಕೊಡುತ್ತಾಳೆ. ಡಕಾರ್ ಮನೆಯ ಗೋಡೆ ಮೇಲೆ ಅದು ಹತ್ತರ ಜೊತೆ ಹನ್ನೊಂದು. ಫ್ರಾನ್ಸ್‌ನ ಮನೆಯ ಬಿಳಿ ಗೋಡೆ ಮೇಲೆ ಒಂಟಿ. ಅವಳೂ ಹಾಗೇ. ಅವಳು ಸತ್ತ ಮೇಲೆ ಯಜಮಾನ ಸೂಟ್‌ಕೇಸು, ಮುಖವಾಡ, ಉಳಿದ ಸಂಬಳ ಹಿಡಿದುಕೊಂಡು ಅವಳ ತಾಯಿಯ ಮನೆಗೆ ಬರುತ್ತಾನೆ. ತಾಯಿ ದುಡ್ಡು ಮುಟ್ಟುವುದಿಲ್ಲ. ಓಣಿಯ ಚಿಕ್ಕ ಹುಡುಗ ಆ ಮುಖವಾಡ ಹಾಕಿಕೊಂಡು ಅವನ ಹಿಂದೆ ಹಿಂದೆ ನಡೆಯುತ್ತಾನೆ. ಒಂದು ಮಾತಿಲ್ಲ, ಕಲ್ಲೆಸೆತ ಇಲ್ಲ, ಸುಮ್ಮನೆ ನಡೆಯುತ್ತಾನೆ. ಆ ದೊಡ್ಡ ಮನುಷ್ಯ ಓಡುವ ಹಾಗೆ ಕಾರಿನ ಕಡೆ ಹೆಜ್ಜೆ ಹಾಕುತ್ತಾನೆ.

ಹೆಸರಿನಲ್ಲಿರುವ ಮೂರು ಚುಕ್ಕಿಯನ್ನೂ ನೋಡಿ. ಫ್ರೆಂಚಿನ 'ದ'ಗೆ 'ಇಂಥವರ' ಅಂತಲೂ ಅರ್ಥ, 'ಇಂಥ ಕಡೆಯಿಂದ' ಅಂತಲೂ ಅರ್ಥ. ಕನ್ನಡದಲ್ಲಿ ಷಷ್ಠಿಗೂ ಪಂಚಮಿಗೂ ಬೇರೆ ಬೇರೆ ಪ್ರತ್ಯಯ, ಹಾಗಾಗಿ ಇದನ್ನು ನಾವು ಅನುವಾದ ಮಾಡುವ ಹಾಗೇ ಇಲ್ಲ. ಯಾರ ಕಪ್ಪು ಹುಡುಗಿ? ಎಲ್ಲಿಂದ ಬಂದ ಕಪ್ಪು ಹುಡುಗಿ? ಎರಡೂ ಖಾಲಿ.

ಇನ್ನೊಂದು ವಿಷಯ. ಜುವಾನಾ ಪಾತ್ರ ಮಾಡಿದವರು ಎಂಬಿಸಿನ್ ತೆರೇಸ್ ಜೋಪ್. ಅವಳ ಮನಸ್ಸಿನ ಮಾತಾಗಿ ನಾವು ಕೇಳುವ ಫ್ರೆಂಚ್ ದನಿ ಮಾತ್ರ ಅವರದಲ್ಲ, ಹೈಟಿಯ ನಟಿಯೊಬ್ಬರದು. ಮುಖ ಇಲ್ಲಿಯದು, ದನಿ ಬೇರೆ ಕಡೆಯದು. ಇದು ಸೆಂಬೆನ್‌ಗೂ ಕೊರೆಯುತ್ತಿತ್ತು ಅನ್ನೋದಕ್ಕೆ ಅವರ ಮುಂದಿನ ಚಿತ್ರವೇ ಸಾಕ್ಷಿ.

ಅದು ಮನಿ ಆರ್ಡರ್ ಚಿತ್ರ ಅಲ್ವಾ?

ಹೌದು, 1968ರ 'ಮಂಡಬಿ'. ಪೂರ್ತಿ ವೊಲೊಫ್‌ನಲ್ಲಿ, ಅಂದರೆ ಸೆನೆಗಲ್ ಜನರ ಆಡುಮಾತಿನಲ್ಲಿ, ಬಂದ ಮೊದಲ ಕಥಾಚಿತ್ರ. ದುಡ್ಡು ಹಾಕಿದವರು ಒತ್ತಾಯ ಮಾಡಿದ್ದಕ್ಕೆ ಫ್ರೆಂಚಿನಲ್ಲೂ ಇನ್ನೊಂದು ಸಲ ತೆಗೆಯಬೇಕಾಯಿತು.

ಕಥೆ ಕೇಳಿದರೆ ನಮ್ಮ ತಾಲ್ಲೂಕು ಕಚೇರಿ ನೆನಪಾಗುತ್ತೆ. ಪ್ಯಾರಿಸ್‌ನಲ್ಲಿ ಬೀದಿ ಗುಡಿಸುವ ಸೋದರಳಿಯ, ಡಕಾರ್‌ನಲ್ಲಿರುವ ಸೋದರಮಾವ ಇಬ್ರಾಹಿಮಾ ಜೆಂಗ್‌ಗೆ 25,000 ಫ್ರಾಂಕ್ ಮನಿ ಆರ್ಡರ್ ಮಾಡುತ್ತಾನೆ. 20,000 ನನಗೆ ಎತ್ತಿಡು, 3,000 ಅಮ್ಮನಿಗೆ ಕೊಡು, 2,000 ನಿನಗೆ. ಸರಿ, ಅಂಚೆ ಕಚೇರಿಗೆ ಹೋದರೆ ಗುರುತಿನ ಚೀಟಿ ತಾ ಅಂತಾರೆ. ಗುರುತಿನ ಚೀಟಿಗೆ ಹೋದರೆ ಜನನ ಪ್ರಮಾಣಪತ್ರ ತಾ. ಅಲ್ಲಿಗೆ ಹೋದರೆ ನೀನು ಹುಟ್ಟಿದ ತಾರೀಕು ಯಾವುದು? ಫೋಟೋ ತೆಗೆಸಿದರೆ ದುಡ್ಡು ಹೋಯಿತು, ಫೋಟೋ ಸಿಗಲಿಲ್ಲ. ಅಷ್ಟರಲ್ಲಿ ದುಡ್ಡು ಬಂದಿದೆ ಅಂತ ಓಣಿಗೆಲ್ಲ ಗೊತ್ತಾಗಿ ಸಾಲ ಕೇಳುವವರು ಬಾಗಿಲಲ್ಲಿ. ಕೊನೆಗೆ ಕೋಟು ಹಾಕಿದ, ಫ್ರೆಂಚ್ ಬಲ್ಲ ನೆಂಟನೊಬ್ಬ 'ನಾನು ಬಿಡಿಸಿ ಕೊಡ್ತೀನಿ' ಅಂತ ಸಹಿ ಹಾಕಿಸಿಕೊಂಡು ಎಲ್ಲ ನುಂಗುತ್ತಾನೆ.

ಇಲ್ಲಿ ಬಿಳಿಯರು ಯಾರೂ ಕಾಡುವುದಿಲ್ಲ, ಗಮನಿಸಿ. ಕೌಂಟರ್ ಹಿಂದೆ ಕೂತವರೆಲ್ಲ ಕಪ್ಪು ಜನ. ಕೌಂಟರ್ ಮಾತ್ರ ಹಳೆಯದು, ಅದರ ಭಾಷೆ ಹಳೆಯದು.

ಸ್ವಾತಂತ್ರ್ಯ ಬಂದ ಮೇಲೂ ಫ್ರೆಂಚರ ದುಡ್ಡು ಯಾಕೆ ತಗೊಂಡ್ರು?

ಇದು ತುಂಬ ಜನ ಕೇಳುವ ಪ್ರಶ್ನೆ, ಸ್ವಲ್ಪ ಚುಚ್ಚಿಯೇ ಕೇಳುತ್ತಾರೆ. ಅಂದಿನ ವ್ಯವಸ್ಥೆ ನೋಡಿದರೆ ಚುಚ್ಚಲು ಮನಸ್ಸು ಬರುವುದಿಲ್ಲ.

ಫಿಲ್ಮ್ ತೊಳೆಯುವ ಲ್ಯಾಬ್ ಪ್ಯಾರಿಸ್‌ನಲ್ಲಿ. ಎಡಿಟಿಂಗ್ ಟೇಬಲ್ ಪ್ಯಾರಿಸ್‌ನಲ್ಲಿ. ಊರಿನ ಥಿಯೇಟರುಗಳಿಗೆ ಸಿನಿಮಾ ಹಂಚುತ್ತಿದ್ದದ್ದು ಕೊಮಾಸಿಕೊ, ಸೆಕ್ಮಾ ಎಂಬ ಎರಡು ಫ್ರೆಂಚ್ ಕಂಪನಿ. ಅವರು ಹಳೇ ಅಮೆರಿಕನ್, ಫ್ರೆಂಚ್, ಹಿಂದಿ, ಈಜಿಪ್ಟ್ ಚಿತ್ರಗಳನ್ನು ಕಟ್ಟುಕಟ್ಟಾಗಿ ತಂದು ಸುರಿಯುತ್ತಿದ್ದರು. ಸೆನೆಗಲ್‌ನವನು ಸೆನೆಗಲ್‌ನಲ್ಲಿ ಮಾಡಿದ ಸಿನಿಮಾಕ್ಕೆ ಸೆನೆಗಲ್‌ನಲ್ಲೇ ಪರದೆ ಸಿಗುತ್ತಿರಲಿಲ್ಲ.

1963ರಲ್ಲಿ ಫ್ರಾನ್ಸ್‌ನ 'ಸಹಕಾರ' ಸಚಿವಾಲಯ ಒಂದು ಸಿನಿಮಾ ವಿಭಾಗ ತೆರೆಯಿತು. ಮೂವತ್ತು ವರ್ಷ ಹಿಂದೆ ಕ್ಯಾಮೆರಾ ಮುಟ್ಟಬೇಡ ಅಂದ ಸರ್ಕಾರವೇ ಈಗ ಬಾ, ಮಾಡಿಸಿಕೊಡ್ತೀನಿ ಅಂತು. ಬದಲಿಗೆ ಪ್ರದರ್ಶನದ ಹಕ್ಕು ತಾನು ಇಟ್ಟುಕೊಳ್ಳುತ್ತಿತ್ತು. 'ಲಾ ನ್ವಾರ್ ದ...' ಕಥೆಯನ್ನು ಅದು ಮೊದಲು ತಿರಸ್ಕರಿಸಿತ್ತು. ಸಿನಿಮಾ ಆಗಿ ಹೆಸರು ಬಂದ ಮೇಲೆ ಹಕ್ಕು ಕೊಂಡಿತು.

ಇದರ ಜೊತೆಗೆ ನಾಣ್ಯದ ಕಥೆ ಇದೆ. ಫ್ರೆಂಚರು ತಮ್ಮ ಆಫ್ರಿಕನ್ ವಸಾಹತುಗಳಿಗೆಂದು ಮಾಡಿದ ಸಿಎಫ್‌ಎ ಫ್ರಾಂಕ್ 1945ರ ಡಿಸೆಂಬರ್‌ನಲ್ಲಿ ಹುಟ್ಟಿದ್ದು. ಹೀಗೆ ಕರೆಯುವ ನಾಣ್ಯ ಇವತ್ತಿಗೂ 14 ದೇಶಗಳಲ್ಲಿ ನಡೆಯುತ್ತಿದೆ, ಒಂದು ಯೂರೋಗೆ 655.957 ಅಂತ ಗೂಟಕ್ಕೆ ಕಟ್ಟಿದೆ. 1994ರ ಜನವರಿಯಲ್ಲಿ ಅದರ ಬೆಲೆ ಫ್ರೆಂಚ್ ಫ್ರಾಂಕಿನ ಎದುರು ಒಂದೇ ಏಟಿಗೆ ಅರ್ಧವಾಯಿತು. ಅಕ್ಕಿ, ಔಷಧಿ, ಪೆಟ್ರೋಲ್ ಎಲ್ಲಕ್ಕೂ ಬಿಸಿ ತಟ್ಟಿತು. ಪ್ಯಾರಿಸ್ ಲ್ಯಾಬಿಗೆ ಬಿಲ್ಲು ಕಟ್ಟಬೇಕಾದ ನಿರ್ದೇಶಕನ ಲೆಕ್ಕ ರಾತ್ರೋರಾತ್ರಿ ಎರಡು ಪಟ್ಟು.

ಸೆಂಬೆನ್ ಸಿನಿಮಾಗಳಿಗೆ ಫ್ರೆಂಚರು ಮಾತ್ರ ತೊಂದರೆ ಕೊಟ್ರಾ?

ಸ್ವಂತ ಸರ್ಕಾರವೂ ಕೊಟ್ಟಿತು. ಸೆನೆಗಲ್‌ನ ಮೊದಲ ಅಧ್ಯಕ್ಷ ಲಿಯೊಪೋಲ್ಡ್ ಸೆಂಘೋರ್ ದೊಡ್ಡ ಕವಿ, 1960ರಿಂದ 1980ರವರೆಗೆ ಆಳಿದರು. ಕವಿ ಅಧ್ಯಕ್ಷರಾದರೆ ಕಲಾವಿದರಿಗೆ ಸುಖ ಅಂದುಕೊಳ್ಳುತ್ತೇವೆ ಅಲ್ವಾ?

1975ರ 'ಕ್ಸಾಲಾ' ಶುರುವಾಗುವುದೇ ವಾಣಿಜ್ಯ ಮಂಡಳಿ ಕಟ್ಟಡದಿಂದ. ಆಫ್ರಿಕನ್ ವ್ಯಾಪಾರಿಗಳು ಬಿಳಿಯರನ್ನು ಆಚೆಗಟ್ಟುತ್ತಾರೆ, ಮೂರ್ತಿಗಳನ್ನು ಹೊರಗಿಡುತ್ತಾರೆ, ಡೋಲು ಬಡಿಯುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಬಿಳಿಯರು ಬ್ರೀಫ್‌ಕೇಸ್ ಹಿಡಿದು ವಾಪಸ್. ಒಬ್ಬೊಬ್ಬರ ಮುಂದೆ ಒಂದೊಂದು ಪೆಟ್ಟಿಗೆ. ತೆರೆದರೆ ನೋಟು. ಅಲ್ಲೊಬ್ಬ ದೊಡ್ಡ ಮನುಷ್ಯ ಮೂರನೇ ಮದುವೆ ಆಗುತ್ತಾನೆ, ಮೊದಲ ರಾತ್ರಿಯೇ ಗಂಡಸುತನ ಹೋಗುತ್ತೆ. ಅವನ ಕಾರು ತೊಳೆಯಲು, ರೇಡಿಯೇಟರ್‌ಗೆ ಹಾಕಲು ಫ್ರಾನ್ಸ್‌ನಿಂದ ತರಿಸಿದ ಬಾಟಲಿ ನೀರೇ ಬೇಕು. ಮಗಳು ವೊಲೊಫ್‌ನಲ್ಲಿ ಮಾತಾಡಿದರೆ ಅಪ್ಪನಿಗೆ ಉರಿ. ಬೆಂಗಳೂರಿನ ಕೆಲವು ಮನೆಗಳಲ್ಲಿ ಈ ದೃಶ್ಯ ಇಂದಿಗೂ ಲೈವ್ ನೋಡಬಹುದು, ಭಾಷೆ ಮಾತ್ರ ಬೇರೆ. ಸರ್ಕಾರ ಈ ಚಿತ್ರಕ್ಕೆ ಕತ್ತರಿ ಆಡಿಸಿತು.

1977ರ 'ಸೆದ್ದೊ'ದ ಕಥೆ ಇನ್ನೂ ಚೆನ್ನಾಗಿದೆ. ಅದು ಹಿಂದಿನ ಕಾಲದ ಒಂದು ರಾಜ್ಯದಲ್ಲಿ ಇಸ್ಲಾಂ, ಕ್ರೈಸ್ತ ಪಾದ್ರಿ, ಗುಲಾಮರ ವ್ಯಾಪಾರಿ ಮೂವರೂ ಒಟ್ಟಿಗೆ ಹೊಕ್ಕಾಗ ಏನಾಯಿತು ಅನ್ನುವ ಚಿತ್ರ. ನಿಷೇಧವಾಯಿತು. ಕೊಟ್ಟ ಕಾರಣ ಏನು ಗೊತ್ತಾ? ಕಾಗುಣಿತ. ಹೆಸರಿನಲ್ಲಿ ಒಂದೇ 'ದ' ಇರಬೇಕು ಅಂತ ಸೆಂಘೋರ್ ಸರ್ಕಾರದ ನಿಯಮ, ಎರಡೇ ಇರಬೇಕು ಅಂತ ಸೆಂಬೆನ್ ಹಠ. ಒಂದು ಒತ್ತಕ್ಷರಕ್ಕಾಗಿ ಸೆಂಘೋರ್ ಅಧಿಕಾರ ಬಿಡುವವರೆಗೂ ಆ ಚಿತ್ರ ಅದರದೇ ದೇಶದಲ್ಲಿ ಬಿಡುಗಡೆ ಆಗಲಿಲ್ಲ. ನಿಜವಾದ ಕಾರಣ ಧರ್ಮದ ವಿಷಯ ಅಂತ ಎಲ್ಲರಿಗೂ ಗೊತ್ತಿತ್ತು. ಸೆಂಬೆನ್ ತಮ್ಮ ಮನೆಗೂ ಅದೇ ಹೆಸರಿಟ್ಟುಕೊಂಡರು, ಒತ್ತಕ್ಷರದ ಸಮೇತ. ನಮ್ಮ 'ಸಂಸ್ಕಾರ'ಕ್ಕೂ 1970ರಲ್ಲಿ ಸೆನ್ಸಾರ್ ಮೊದಲು ಬಾಗಿಲು ಹಾಕಿತ್ತು. ಧರ್ಮದೊಳಗಿನ ಕೊಳೆ ತೋರಿಸಿದರೆ ಆಳುವವರು ಕಪ್ಪಿರಲಿ ಕಂದಿರಲಿ, ಕೈ ಕತ್ತರಿಗೇ ಹೋಗುತ್ತೆ.

ಫ್ರೆಂಚ್ ಸೇನೆಯಲ್ಲಿದ್ದ ಆಫ್ರಿಕನ್ ಸೈನಿಕರ ಬಗ್ಗೆ ಒಂದು ಚಿತ್ರ ಇದೆಯಂತಲ್ಲ?

ಸೆಂಬೆನ್‌ರವೇ ಎರಡಿವೆ.

'ಎಮಿತಾಯ್' 1971ರದು. ಯುದ್ಧದ ಕಾಲದಲ್ಲಿ ಕಾಸಮಾಂಸ್‌ನ ಜೋಲಾ ಜನರ ಹಳ್ಳಿಗೆ ಸೇನೆ ಬಂದು ಗಂಡು ಹುಡುಗರನ್ನು ಎಳೆದುಕೊಂಡು ಹೋಗುತ್ತೆ, ಆಮೇಲೆ ಅಕ್ಕಿ ಕೇಳುತ್ತೆ. ಹೆಂಗಸರು ಬಚ್ಚಿಡುತ್ತಾರೆ. ಅದೇ ಯುದ್ಧದ ಕಾಲದಲ್ಲಿ ನಮ್ಮ ಕಡೆಯೂ ಭತ್ತದ ಲೆವಿ ಬಂದು ಜನ ಕಣಜ ಬಚ್ಚಿಟ್ಟ ಕಥೆ ಅಜ್ಜಿಯರ ಬಾಯಲ್ಲಿ ಕೇಳಿದವರಿಗೆ ಇದು ತಕ್ಷಣ ಹತ್ತಿರವಾಗುತ್ತೆ. ಒಂದು ತಮಾಷೆಯ ದೃಶ್ಯವಿದೆ. ಗೋಡೆ ಮೇಲಿದ್ದ ಫ್ರಾನ್ಸ್‌ನ ಹಳೇ ದೊರೆ ಮಾರ್ಷಲ್ ಪೆತಾನ್ ಚಿತ್ರ ತೆಗೆದು ಹೊಸ ದೊರೆ ಡಿ ಗೋಲ್ ಚಿತ್ರ ಅಂಟಿಸುತ್ತಾರೆ. ಕಪ್ಪು ಸಿಪಾಯಿಗೆ ಗೊಂದಲ. ಏಳು ನಕ್ಷತ್ರದವನನ್ನು ತೆಗೆದು ಎರಡು ನಕ್ಷತ್ರದವನು ದೊರೆ ಆಗೋದು ಹೇಗೆ? ಆ ನಗು ಇನ್ನೂ ಮುಖದ ಮೇಲಿರುವಾಗ ಚಿತ್ರ ಮುಗಿಯುತ್ತೆ: ಪರದೆ ಪೂರ್ತಿ ಕಪ್ಪು, ಗುಂಡಿನ ಸದ್ದು ಮಾತ್ರ.

ಇನ್ನೊಂದು 1988ರ 'ಕಾಂಪ್ ದ ತಿಯಾರೋಯ್', ತಿಯರ್ನೊ ಫಾತಿ ಸೋ ಜೊತೆ ನಿರ್ದೇಶಿಸಿದ್ದು. ಇದು ನಡೆದ ಘಟನೆ. ಯುರೋಪಿನಲ್ಲಿ ಜರ್ಮನರ ಸೆರೆಯಿಂದ ಬಿಡುಗಡೆಯಾಗಿ ಬಂದ ಆಫ್ರಿಕನ್ ಸೈನಿಕರನ್ನು ಡಕಾರ್ ಹತ್ತಿರದ ತಿಯಾರೋಯ್ ಶಿಬಿರದಲ್ಲಿ ಇಟ್ಟಿದ್ದರು. ಬಾಕಿ ಸಂಬಳ ಕೊಡಿ ಅಂತ ಅವರು ಪಟ್ಟು ಹಿಡಿದರು. 1944ರ ಡಿಸೆಂಬರ್ 1ರ ಬೆಳಗ್ಗೆ ಅವರ ಮೇಲೆ ಗುಂಡು ಹಾರಿಸಿದರು. ಸತ್ತವರು 35 ಅಂತ ಸೇನೆಯ ಲೆಕ್ಕ. ಇತಿಹಾಸಕಾರರು ಹೇಳುವ ಸಂಖ್ಯೆ ನೂರಾರು. ಈ ಚಿತ್ರಕ್ಕೆ ಫ್ರಾನ್ಸ್‌ನ ಒಂದು ಪೈಸೆ ಇಲ್ಲ. ಸೆನೆಗಲ್, ಅಲ್ಜೀರಿಯಾ, ಟ್ಯುನೀಶಿಯಾ ಸೇರಿ ಮಾಡಿದ್ದು. ವೆನಿಸ್‌ನಲ್ಲಿ ಪ್ರಶಸ್ತಿ ಬಂತು, ಫ್ರಾನ್ಸ್‌ನ ಥಿಯೇಟರುಗಳು ಮಾತ್ರ ವರ್ಷಗಟ್ಟಲೆ ತಿರುಗಿಯೂ ನೋಡಲಿಲ್ಲ.

2024ರ ನವೆಂಬರ್‌ನಲ್ಲಿ ಫ್ರಾನ್ಸ್ ಅಧ್ಯಕ್ಷ ಮಾಕ್ರೋನ್, ಸೆನೆಗಲ್ ಅಧ್ಯಕ್ಷ ಬಾಸಿರು ಜೊಮಾಯ್ ಫಾಯ್‌ಗೆ ಪತ್ರ ಬರೆದು ಇದು ಹತ್ಯಾಕಾಂಡ ಅಂತ ಒಪ್ಪಿಕೊಂಡರು. 80 ವರ್ಷ ಬೇಕಾಯಿತು. ಸಿನಿಮಾ ಅದನ್ನು 36 ವರ್ಷ ಮೊದಲೇ ಹೇಳಿತ್ತು. ಮುಂದಿನ ಜುಲೈಗೆ ಫ್ರೆಂಚ್ ಸೇನೆ ಡಕಾರ್‌ನ ಕೊನೆಯ ನೆಲೆಯನ್ನೂ ಬಿಟ್ಟುಕೊಟ್ಟಿತು.

ಫೆಸ್ಪಾಕೊ ಅಂದರೇನು? ಅದಕ್ಕೂ ಸಂಕಾರಾಗೂ ಏನು ಸಂಬಂಧ?

ಬುರ್ಕಿನಾ ಫಾಸೊ ರಾಜಧಾನಿ ವಾಗಾಡುಗುವಿನ ಸಿನಿಮಾ ಹಬ್ಬ. 1969ರಲ್ಲಿ ಶುರು. ಈಗ ಎರಡು ವರ್ಷಕ್ಕೊಮ್ಮೆ. ಆಗ ಆ ದೇಶದ ಹೆಸರು ಅಪ್ಪರ್ ವೋಲ್ಟಾ. ಜಗತ್ತಿನ ಬಡ ದೇಶಗಳಲ್ಲೊಂದು. ಅಂಥ ಸರ್ಕಾರ 1970ರಲ್ಲಿ ಥಿಯೇಟರುಗಳನ್ನು ರಾಷ್ಟ್ರೀಕರಣ ಮಾಡಿ, ಹಂಚಿಕೆ ಕಂಪನಿಗಳ ಎದುರು ನಿಂತಿತು. ಕಂಪನಿಗಳು ಚಿತ್ರ ಕಳಿಸುವುದನ್ನೇ ನಿಲ್ಲಿಸಿದವು. ಆದರೂ ಬಗ್ಗಲಿಲ್ಲ. ಆ ಊರಿನ ಒಂದು ವೃತ್ತದಲ್ಲಿ ಸಿನಿಮಾದವರಿಗಾಗಿಯೇ ಸ್ಮಾರಕವಿದೆ, ಫಿಲ್ಮ್ ರೀಲುಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ. ನಮ್ಮಲ್ಲಿ ನಟರ ಪ್ರತಿಮೆ ಎಷ್ಟೋ ಇವೆ, ರೀಲಿನ ಪ್ರತಿಮೆ ನಾನು ಕಂಡಿಲ್ಲ.

ತೋಮಾ ಸಂಕಾರಾ 1983ರ ಆಗಸ್ಟ್ 4ರಂದು ಅಧಿಕಾರಕ್ಕೆ ಬಂದ ಸೈನಿಕ. ಸರಿಯಾಗಿ ಒಂದು ವರ್ಷಕ್ಕೆ ದೇಶದ ಹೆಸರು ಬದಲಾಯಿಸಿದ. ಬುರ್ಕಿನಾ ಅನ್ನುವುದು ಮೋರೆ ಭಾಷೆಯ ಪದ, ಫಾಸೊ ಜೂಲಾ ಭಾಷೆಯದು. ಎರಡೂ ಸೇರಿದರೆ ನೆಟ್ಟಗೆ ನಡೆಯುವವರ ನಾಡು ಅಂತ. ಹಬ್ಬವನ್ನು ಆತ ಊರ ಜಾತ್ರೆಯ ಮಟ್ಟಕ್ಕೆ ಬೆಳೆಸಿದ.

1987ರ ಹಬ್ಬದ ದೊಡ್ಡ ಪ್ರಶಸ್ತಿ ಬಂದದ್ದು ಮೆಡ್ ಹೊಂಡೊ ಅವರ 'ಸರ್ರೌನಿಯಾ' ಚಿತ್ರಕ್ಕೆ. 1899ರಲ್ಲಿ ಹಳ್ಳಿಗಳನ್ನು ಸುಡುತ್ತಾ ಬಂದ ಫ್ರೆಂಚ್ ಪಡೆಗೆ ಎದುರು ನಿಂತ ರಾಣಿಯ ಕಥೆ. ನಮಗೆ ಕಿತ್ತೂರು ಇದೆ, ಹಾಗಾಗಿ ವಿವರಿಸಬೇಕಿಲ್ಲ. ಕಥೆ ನೈಜರ್ ದೇಶದ್ದಾದರೂ ಅಲ್ಲಿ ಚಿತ್ರೀಕರಣ ಸಾಧ್ಯವಾಗದೆ ಬುರ್ಕಿನಾದಲ್ಲಿ ಮಾಡಿದರು. ಅದೇ ವರ್ಷ ಅಕ್ಟೋಬರ್ 15ಕ್ಕೆ ಸಂಕಾರಾನನ್ನು ಗುಂಡಿಟ್ಟು ಕೊಂದರು. ಹಳೇ ಗೆಳೆಯ ಬ್ಲೇಸ್ ಕೊಂಪಾವೊರೆ ಕುರ್ಚಿ ಏರಿದ. 27 ವರ್ಷ ಕೂತು, 2014ರ ಅಕ್ಟೋಬರ್‌ನಲ್ಲಿ ಜನ ಬೀದಿಗಿಳಿದಾಗ ಓಡಿಹೋದ. 2022ರಲ್ಲಿ ಕೋರ್ಟು ಅವನ ಗೈರಲ್ಲೇ ಜೀವಾವಧಿ ಶಿಕ್ಷೆ ಕೊಟ್ಟಿತು.

ಫೆಸ್ಪಾಕೊ ಬಗ್ಗೆ ದೂರೂ ಇದೆ. 2013ರವರೆಗೂ ದೊಡ್ಡ ಸ್ಪರ್ಧೆಗೆ 35 ಎಂಎಂ ಪ್ರಿಂಟೇ ಬೇಕು ಅನ್ನುವ ನಿಯಮ ಇತ್ತು. ಪ್ರಿಂಟ್ ತೆಗೆಸಲು ಮತ್ತೆ ಯುರೋಪಿಗೇ ಹೋಗಬೇಕು. ವಿಡಿಯೊದಲ್ಲಿ ಸಿನಿಮಾ ಮಾಡುತ್ತಿದ್ದ ಹುಡುಗರೆಲ್ಲ ಬಾಗಿಲ ಹೊರಗೆ.

ಈಗ ಅಲ್ಲಿ ಸೇನೆಯ ಆಡಳಿತ. ಸಂಕಾರಾ ವಾಪಸ್ ಬಂದ ಹಾಗೆ ಅಲ್ವಾ? ವಾಟ್ಸಾಪ್‌ನಲ್ಲಿ ನೋಡ್ದೆ.

ಆ ವಿಡಿಯೊಗಳು ನನಗೂ ಬರುತ್ತವೆ. ಮಾಲಿ, ಬುರ್ಕಿನಾ, ನೈಜರ್ ಮೂರರಲ್ಲೂ 2020ರಿಂದ 2023ರೊಳಗೆ ಸೇನೆ ಅಧಿಕಾರ ಹಿಡಿದಿದ್ದು ನಿಜ. ಫ್ರೆಂಚ್ ಪಡೆಗಳನ್ನು ಕಳಿಸಿದ್ದೂ ನಿಜ. ವಾಗಾಡುಗುವಿನ ಡಿ ಗೋಲ್ ರಸ್ತೆಗೆ 2023ರಲ್ಲಿ ಸಂಕಾರಾ ಹೆಸರಿಟ್ಟಿದ್ದೂ ನಿಜ. ಜೊತೆಗೆ ಪತ್ರಕರ್ತರು, ಟೀಕಿಸಿದವರು ಯುದ್ಧಭೂಮಿಗೆ ಬಲವಂತವಾಗಿ ಸೇರಬೇಕಾಗಿ ಬಂದದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವ ವಿಡಿಯೊ ನಂಬಬೇಡಿ. ಸೆನೆಗಲ್‌ನಲ್ಲಿ ಅದೇ ಬದಲಾವಣೆ ಮತಪೆಟ್ಟಿಗೆಯಿಂದ ಬಂತು.

2025ರ ಫೆಸ್ಪಾಕೊದಲ್ಲಿ ಗೆದ್ದದ್ದು ಬುರ್ಕಿನಾದ ದಾನಿ ಕುಯಾತೆ. ಅಲ್ಲಿಯವರೊಬ್ಬರು ಗೆದ್ದದ್ದು 1997ರ ನಂತರ ಅದೇ ಮೊದಲು. ಚಿತ್ರ ಮೋರೆ ಭಾಷೆಯಲ್ಲಿ, ಕಪ್ಪು ಬಿಳುಪಿನಲ್ಲಿ, ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಆಧರಿಸಿ. ದೊರೆಯನ್ನು ಕೊಂದು ಕುರ್ಚಿ ಏರಿದವನ ಕಥೆಯನ್ನು ಆ ಊರಿನಲ್ಲಿ, ಆ ವರ್ಷ ತೋರಿಸಿದರು. ನಾನು ಬೇರೆ ಏನೂ ಹೇಳಲ್ಲ.

ಹೆಂಗಸರು ಯಾರೂ ಇಲ್ವಾ?

ಇದ್ದಾರೆ. ಸೆನೆಗಲ್‌ನ ಸಾಫಿ ಫಾಯ್ 1975ರಲ್ಲಿ ತಮ್ಮ ಸೆರೆರ್ ಹಳ್ಳಿಯ ರೈತರನ್ನೇ ಇಟ್ಟುಕೊಂಡು 'ಕದ್ದು ಬೆಯ್ಕಾತ್' ಮಾಡಿದರು. ವಸಾಹತು ಕಾಲದಲ್ಲಿ ಹೊಟ್ಟೆಗೆ ಬೇಕಾದ ಜೋಳ, ಸಜ್ಜೆಯ ಜಾಗದಲ್ಲಿ ಸಾಲಕ್ಕೆ ಸಿಕ್ಕಿಸುವ ನೆಲಗಡಲೆ ಬಂದು ಕೂತಿತು, ಸ್ವಾತಂತ್ರ್ಯದ ಮೇಲೂ ಅದು ಜಾಗ ಬಿಡಲಿಲ್ಲ. ಚಿತ್ರದ ವಿಷಯ ಅದು. ಪಾವಗಡ, ಚಳ್ಳಕೆರೆ ಕಡೆಯವರು ನೋಡಬೇಕು. ಅಂಗೋಲಾದ ಬಿಡುಗಡೆ ಹೋರಾಟದ ಮೇಲೆ ಸಾರಾ ಮಾಲ್ದೊರೊರ್ 1972ರಲ್ಲಿ 'ಸಾಂಬಿಝಾಂಗಾ' ಮಾಡಿದರು. ಗಂಡನನ್ನು ಪೊಲೀಸರು ಎತ್ತಿಕೊಂಡು ಹೋದ ಮೇಲೆ ಮಗು ಕಟ್ಟಿಕೊಂಡು ಜೈಲಿಂದ ಜೈಲಿಗೆ ಅಲೆಯುವ ಹೆಂಗಸಿನ ಕಾಲುಗಳನ್ನು ಆ ಕ್ಯಾಮೆರಾ ಬಿಡುವುದೇ ಇಲ್ಲ.

ಈಚೆಗೆ ಮಾತಿ ಜೋಪ್ ಅವರ 'ದಹೊಮೆ'ಗೆ 2024ರಲ್ಲಿ ಬರ್ಲಿನ್‌ನ ಚಿನ್ನದ ಕರಡಿ ಬಂತು. 1890ರ ದಶಕದಲ್ಲಿ ಫ್ರೆಂಚ್ ಸೇನೆ ಹೊತ್ತೊಯ್ದಿದ್ದ 26 ವಸ್ತುಗಳು 2021ರಲ್ಲಿ ಬೆನಿನ್‌ಗೆ ವಾಪಸ್ ಬಂದವು. ಪೆಟ್ಟಿಗೆಯೊಳಗಿನ ಒಬ್ಬ ದೊರೆಯ ವಿಗ್ರಹ ಫೊನ್ ಎಂಬ ಅಲ್ಲಿಯ ಭಾಷೆಯಲ್ಲಿ ಕತ್ತಲೆಯ ಬಗ್ಗೆ ಮಾತಾಡುತ್ತೆ. ಆಮೇಲೆ ಅಲ್ಲಿಯ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಜಗಳವಾಡುತ್ತಾರೆ: ಸಾವಿರಾರು ಒಯ್ದು 26 ಕೊಟ್ಟರೆ ಖುಷಿ ಪಡಬೇಕಾ, ಅವಮಾನ ಅಂದುಕೊಳ್ಳಬೇಕಾ? ನನಗೆ ಇಷ್ಟವಾದದ್ದು ವಿಗ್ರಹ ಅಲ್ಲ, ಆ ಜಗಳ.

ನಾಲಿವುಡ್?

ಅದು ಬೇರೆಯೇ ಲೋಕ. ನೈಜೀರಿಯಾದಲ್ಲಿ 1992ರಲ್ಲಿ ವಿಡಿಯೊ ಕ್ಯಾಸೆಟ್‌ನಿಂದ ಎದ್ದದ್ದು. ಯಾವ ಸಚಿವಾಲಯವನ್ನೂ ಕೇಳಲಿಲ್ಲ, ಯಾವ ಲ್ಯಾಬೂ ಬೇಕಾಗಲಿಲ್ಲ, ಸಂತೆಯಲ್ಲಿ ಮಾರಿದರು. ಸೆಂಬೆನ್ ಕೇಳುತ್ತಿದ್ದ ಪ್ರಶ್ನೆಗೆ ವ್ಯಾಪಾರಿಗಳು ಕೊಟ್ಟ ಉತ್ತರ ಅನ್ನಬಹುದು. ಚಿತ್ರಗಳ ಗುಣಮಟ್ಟದ ಬಗ್ಗೆ ಇಲ್ಲಿ ಜಗಳ ಬೇಡ.

ನಮಗೂ ಅವರಿಗೂ ಏನು ನಂಟು?

ಹಿಂದಿ ಸಿನಿಮಾ ಅಲ್ಲಿ ದಶಕಗಳ ಕಾಲ ಓಡಿತು. ಉತ್ತರ ನೈಜೀರಿಯಾದ ಕಾನೊದಲ್ಲಿ 'ಮದರ್ ಇಂಡಿಯಾ' ಡೈಲಾಗ್ ಬಾಯಿಪಾಠ ಇದ್ದವರು ಇದ್ದರು, ಹಿಂದಿ ಬಾರದೆ!

ಕರ್ನಾಟಕದ ನಂಟು ಹೇಳಬೇಕಾದರೆ ಯಲ್ಲಾಪುರ, ಹಳಿಯಾಳ, ಅಂಕೋಲಾದ ಸಿದ್ದಿಗಳನ್ನು ಹೇಳಬೇಕು. ಅವರ ಹಿರಿಯರಲ್ಲಿ ಬಹಳ ಜನ ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರು, ಪೂರ್ವ ಆಫ್ರಿಕಾ ಕಡೆಯವರು. ಡಮಾಮಿ ಬಡಿದು ಕನ್ನಡ, ಕೊಂಕಣಿ ಹಾಡುವ ಇವರಲ್ಲಿ ಪ್ರಶಾಂತ್ ಸಿದ್ದಿಯಂಥವರು ತೆರೆಗೂ ಬಂದಿದ್ದಾರೆ. ಆದರೆ 2016ರಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬರ ಮೇಲೆ ಗುಂಪು ಬಿದ್ದದ್ದೂ ಇದೇ ರಾಜ್ಯದಲ್ಲಿ. ಜುವಾನಾ ನೋಡಿ ಕಣ್ಣೊರೆಸಿಕೊಳ್ಳುವ ಮೊದಲು ನಮ್ಮ ಬೀದಿಯಲ್ಲಿ ಆಫ್ರಿಕನ್ ಹುಡುಗರಿಗೆ ಯಾರು ಮನೆ ಬಾಡಿಗೆ ಕೊಡುತ್ತಾರೆ ಅಂತ ವಿಚಾರಿಸಿ.

ಈ ಹಳೇ ಚಿತ್ರಗಳು ಎಲ್ಲಿ ಸಿಗುತ್ತವೆ?

ಕಷ್ಟ. ಮೂಲ ನೆಗೆಟಿವ್ ಬಹಳಷ್ಟು ಪ್ಯಾರಿಸ್‌ನಲ್ಲೇ ಉಳಿದವು. ಊರಿನ ಥಿಯೇಟರುಗಳು 1990ರ ದಶಕದಲ್ಲಿ ಸಾಲ ಕೊಟ್ಟವರ ಒತ್ತಡಕ್ಕೆ ಖಾಸಗಿಯಾಗಿ, ಆಮೇಲೆ ಅಂಗಡಿಯೋ ಪ್ರಾರ್ಥನಾ ಮಂದಿರವೋ ಆದವು. ನಮ್ಮಲ್ಲಿ ಕಲ್ಯಾಣ ಮಂಟಪ ಆದ ಹಾಗೆ. 2017ರಿಂದ ಆಫ್ರಿಕನ್ ನಿರ್ದೇಶಕರ ಒಕ್ಕೂಟ, ಯುನೆಸ್ಕೊ ಮತ್ತು ಅಮೆರಿಕದ ಫಿಲ್ಮ್ ಫೌಂಡೇಶನ್ ಸೇರಿ ಒಂದೊಂದನ್ನೇ ತೊಳೆದು ರಿಪೇರಿ ಮಾಡಿಸುತ್ತಿವೆ. ಆ ಕೆಲಸ ನಡೆಯುವುದು ಹೆಚ್ಚಾಗಿ ಇಟಲಿಯ ಬೊಲೊನ್ಯದಲ್ಲಿ. ಹಾಗೆ ರಿಪೇರಿಯಾದವು ಡಿಸ್ಕ್‌ನಲ್ಲೂ ಆನ್‌ಲೈನ್‌ನಲ್ಲೂ ಆಗಾಗ ಬರುತ್ತವೆ, ಚಿತ್ರೋತ್ಸವಗಳಲ್ಲಿ ಕಣ್ಣಿಡಿ. ನಾನು ಮೊದಲ ಸಲ 'ಮಂಡಬಿ' ನೋಡಿದ್ದು ಒಂದು ಫಿಲ್ಮ್ ಸೊಸೈಟಿಯಲ್ಲಿ. ಮಾತು ವೊಲೊಫ್, ಸಬ್‌ಟೈಟಲ್ ಫ್ರೆಂಚ್, ಹಾಲಿನಲ್ಲಿ ಎರಡೂ ಬಲ್ಲವರು ಒಬ್ಬರೂ ಇರಲಿಲ್ಲ. ಆದರೂ ಅಂಚೆ ಕಚೇರಿ ದೃಶ್ಯಕ್ಕೆ ಎಲ್ಲರೂ ಸರಿಯಾದ ಜಾಗದಲ್ಲೇ ನಕ್ಕರು.

ಏನೂ ಗೊತ್ತಿಲ್ಲ. ಮೊದಲು ಯಾವುದು ನೋಡಲಿ?

'ಬೊರೊಮ್ ಸರೆತ್'. ಅಂದರೆ ಗಾಡಿಯವ. 1963ರದು, ಸೆಂಬೆನ್‌ರ ಮೊದಲ ಹೆಜ್ಜೆಗಳಲ್ಲೊಂದು, ಸುಮಾರು 20 ನಿಮಿಷ.

ಡಕಾರ್‌ನಲ್ಲಿ ಕುದುರೆ ಗಾಡಿ ಹೊಡೆಯುವವನ ಒಂದು ದಿನ. ಬೆಳಗ್ಗೆ ನಮಾಜು ಮಾಡಿ ಹೊರಡುತ್ತಾನೆ. ಹತ್ತಿದವರಲ್ಲಿ ಅರ್ಧ ಜನ ದುಡ್ಡು ಕೊಡಲ್ಲ. ಹಾಡುಗಾರನೊಬ್ಬ ಇವನ ವಂಶವನ್ನು ಹೊಗಳಿ ಹಾಡಿದ್ದೇ ತಡ, ಜೇಬಿನಲ್ಲಿದ್ದದ್ದನ್ನೆಲ್ಲ ಕೊಟ್ಟುಬಿಡುತ್ತಾನೆ. ಒಬ್ಬ ಅಪ್ಪ ಸತ್ತ ಮಗುವನ್ನು ಸ್ಮಶಾನಕ್ಕೆ ತರುತ್ತಾನೆ, ಕಾಗದ ಸರಿಯಿಲ್ಲ ಅಂತ ಬಾಗಿಲಲ್ಲೇ ತಡೆಯುತ್ತಾರೆ. ಮಧ್ಯಾಹ್ನದ ಮೇಲೆ ಒಬ್ಬ ಸೂಟುಧಾರಿ ಇವನನ್ನು ಪ್ಲಾಟೊ ಬಡಾವಣೆಗೆ ಹೊರಡಿಸುತ್ತಾನೆ. ಹಿಂದೆ ಬಿಳಿಯರು ಇದ್ದ ಜಾಗ, ಈಗ ದೊಡ್ಡವರದು. ಗಾಡಿಗಳಿಗೆ ಅಲ್ಲಿ ಪ್ರವೇಶ ಇಲ್ಲ. ಪೊಲೀಸು ಬರುತ್ತಾನೆ. ಕಾಗದ ತೆಗೆಯಲು ಜೇಬಿಗೆ ಕೈ ಹಾಕಿದಾಗ ಇವನ ಯುದ್ಧದ ಪದಕ ನೆಲಕ್ಕೆ ಬೀಳುತ್ತೆ. ಬಗ್ಗಿ ತೆಗೆದುಕೊಳ್ಳುವಷ್ಟರಲ್ಲಿ ಪೊಲೀಸಿನ ಬೂಟು ಅದರ ಮೇಲಿರುತ್ತೆ. ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ನೋಡುತ್ತೆ. ಸೂಟುಧಾರಿ ದುಡ್ಡು ಕೊಡದೆ ಜಾರಿಕೊಂಡಿರುತ್ತಾನೆ.

ಗಾಡಿ ಹೋಯಿತು. ಕುದುರೆ ಮಾತ್ರ ಹಿಡಿದುಕೊಂಡು ಬರಿಗೈಲಿ ಮನೆಗೆ ಬರುತ್ತಾನೆ. ಹೆಂಡತಿ ಏನೂ ಕೇಳುವುದಿಲ್ಲ. ಮಗುವನ್ನು ಅವನ ಮಡಿಲಿಗೆ ಹಾಕುತ್ತಾಳೆ, ಇವತ್ತು ರಾತ್ರಿ ಊಟ ಇರುತ್ತೆ ಅನ್ನುತ್ತಾಳೆ, ಬಾಗಿಲು ದಾಟಿ ಹೋಗುತ್ತಾಳೆ. ಎಲ್ಲಿಗೆ ಅಂತ ಚಿತ್ರ ಹೇಳುವುದಿಲ್ಲ.